ಪಂಕ್ತಿ ಮುಗಿಯದ ಹಡಗು

ಹೊಳೆನರಸೀಪುರದ ಕಾವೇರಮ್ಮನವರು ಇಪ್ಪತ್ತು ವರ್ಷದಲ್ಲಿ ಹದಿನಾಲ್ಕು ಸಲ ಕಾಶಿಗೆ ಹೋಗಿಬಂದಿದ್ದರು. ಕಾಶಿ ಹೇಗಿದೆ ಎಂದು ಯಾರಾದರೂ ಕೇಳಿದರೆ, "ನೀರು ಗಡಸು, ಬೇಳೆ ಬೇಯಲ್ಲ" ಎನ್ನುತ್ತಿದ್ದರು. ರಾಮೇಶ್ವರ ಹೇಗಿದೆ ಎಂದರೆ, "ಗಾಳಿ ಜಾಸ್ತಿ, ಸ್ಟೋವ್ ನಿಲ್ಲಲ್ಲ." ಹರಿದ್ವಾರವೆಂದರೆ, "ಚಳಿ. ದೋಸೆ ಹಿಟ್ಟು ಹುಳಿ ಬರಲ್ಲ, ಕಂಬಳಿ ಹೊದೆಸಿ ಇಡಬೇಕು." ಪುರಿಗೆ ಆರು ಸಲ ಹೋಗಿದ್ದರೂ ಅಲ್ಲಿನ ಸಮುದ್ರವನ್ನು ಅವರು ನೋಡಿರಲಿಲ್ಲ. ಛತ್ರದ ಮುಂಭಾಗದಿಂದ ಸಮುದ್ರ ಕಾಣುತ್ತದೆ. ಅಡುಗೆಮನೆ ಇರುವುದು ಹಿಂಭಾಗದಲ್ಲಿ.

ಅವರ ಗಂಡ ವರದರಾಜ ಅವರು ಯಾತ್ರೆಯ ಬಸ್ಸು ನಡೆಸುತ್ತಿದ್ದರು. ಬಸ್ಸಿನಲ್ಲಿ ನಲವತ್ತು ಜನ ಯಾತ್ರಿಕರು, ಇಬ್ಬರು ಡ್ರೈವರ್, ಒಬ್ಬ ಕ್ಲೀನರ್, ಅಕ್ಕಿಬೇಳೆ ಮೂಟೆ, ಎರಡು ಪಂಪ್ ಸ್ಟೋವ್, ಮತ್ತು ಕಾವೇರಮ್ಮ. ನಮ್ಮ ಕಡೆಯ ಮಡಿವಂತ ಮುದುಕಿಯರು ಮನೆ ಬಿಟ್ಟು ಹೊರಗೆ ಕಾಲಿಡುತ್ತಿದ್ದುದೇ ಕಾವೇರಮ್ಮನವರ ಕೈಯ ಅಡುಗೆ ಇದೆ ಎಂಬ ಧೈರ್ಯದ ಮೇಲೆ. ನಮ್ಮ ಅಮ್ಮ ಅನಸೂಯಮ್ಮ ಅಂಥವರಲ್ಲಿ ಮೊದಲನೆಯವರು. ದೇವರ ದರ್ಶನ ತಪ್ಪಿದರೆ ಮುಂದಿನ ಸಲ ನೋಡೋಣ ಎನ್ನುವ ನಮ್ಮಮ್ಮ, ಕಾವೇರಮ್ಮನವರ ಸಾರು ತಪ್ಪಿದರೆ ಅಂದು ಉಪವಾಸ.

ನಾನು ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಅಮ್ಮನನ್ನು ಒಬ್ಬಳನ್ನೇ ಕಳಿಸಲಾಗದೆ ಪ್ರತಿ ದಸರಾ ರಜೆಯನ್ನು ಈ ಬಸ್ಸಿಗೆ ಅರ್ಪಿಸಿದವಳು. ೨೦೦೩ರಲ್ಲಿ ಪುರಿಯ ಛತ್ರದ ಹಿಂದೆ ಕಾವೇರಮ್ಮನವರ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಾಗ ಅವರು ತಲೆಯೆತ್ತದೆ ಹೇಳಿದರು:

"ಒಂದು ಸಲ ಸಮುದ್ರದ ಮುಂದೆ ಸುಮ್ಮನೆ ಕೂತ್ಕೋಬೇಕು ಅಂತ ಆಸೆ ಪ್ರೇಮಾ. ಹಿಂದುಗಡೆ ಏನೂ ಬೇಯ್ತಾ ಇರಬಾರದು."

ಆಮೇಲೆ ಕುಕ್ಕರ್ ಕೂಗಿತು, ಎದ್ದು ಹೋದರು. ಅವರು ತಮಗಾಗಿ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ವರದರಾಜ ಅವರು ಕೆಟ್ಟವರಲ್ಲ. ಹಾಸನದ ಒಂದು ಬಸ್ ಕಂಪನಿಯಲ್ಲಿ ಬುಕಿಂಗ್ ಗುಮಾಸ್ತರಾಗಿದ್ದು, ಅದನ್ನು ಬಿಟ್ಟು ಯಾತ್ರೆ ಶುರುಮಾಡಿದವರು. ಅವರಲ್ಲಿ ಎರಡು ವಿಶೇಷಗಳಿದ್ದವು. ಒಂದು, ಹೊರಡುವ ಹಿಂದಿನ ದಿನ ಕೋಟೆ ಬೀದಿಯ ತಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಮುಂದೆ ಏನೇನು ಆಗುತ್ತದೆ ಎಂದು ಹೇಳಿಬಿಡುವುದು.

"ಮೊದಲನೇ ದಿನ ಒಬ್ಬರಿಗೊಬ್ಬರು ಕಿಟಕಿ ಬಿಟ್ಟುಕೊಡ್ತೀರಿ. ಮೂರನೇ ದಿನ ಕಿಟಕಿಗೆ ಜಗಳ ಆಗುತ್ತೆ. ಐದನೇ ದಿನ ಮಾತು ಬಿಡ್ತೀರಿ. ಏಳನೇ ದಿನ ಗಂಗೆಯಲ್ಲಿ ಮುಳುಗಿ ಎದ್ದು ಅಕ್ಕ ತಂಗಿ ಆಗ್ತೀರಿ. ಎಂಟನೇ ದಿನ ಮತ್ತೆ ಕಿಟಕಿ. ನನ್ನ ಹತ್ರ ದೂರು ತರಬೇಡಿ, ಈಗಲೇ ಹೇಳಿದೀನಿ."

ಎಲ್ಲವೂ ಹೇಳಿದ ದಿನಕ್ಕೆ ಸರಿಯಾಗಿ ಆಗುತ್ತಿತ್ತು. ಜಗಳವಾಡುವವರೂ ಇದು ಮೂರನೇ ದಿನ ಎಂದು ತಿಳಿದೇ ಜಗಳವಾಡುತ್ತಿದ್ದರು. ಈ ಮಾತಿಗೆ ಬೆಲೆ ಬಂದಿದ್ದೇ ಅವರ ಎರಡನೆಯ ವಿಶೇಷದಿಂದ: ತಾವು ನೋಡದ ಜಾಗಕ್ಕೆ ಅವರು ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ, ತಾವು ನೋಡದ ಜಾಗದ ಬಗ್ಗೆ ಮಾತಾಡುತ್ತಲೂ ಇರಲಿಲ್ಲ. ಕೇದಾರಕ್ಕೆ ಜನರನ್ನು ಕರೆದೊಯ್ಯುವ ಮುಂಚಿನ ವರ್ಷ ಒಬ್ಬರೇ ಹೋಗಿ, ಬಿದ್ದು, ಕಾಲು ಉಳುಕಿಸಿಕೊಂಡು ಬಂದಿದ್ದರು. ಮರುವರ್ಷ ಅದೇ ತಿರುವಿನಲ್ಲಿ ನಿಂತು, "ಇಲ್ಲಿ ಬೀಳ್ತೀರಿ, ಹುಷಾರು" ಎಂದು ಒಬ್ಬೊಬ್ಬರನ್ನೇ ದಾಟಿಸಿದರು.

ಅವರ ಬಳಿ ಉದ್ದನೆಯ ಒಂದು ನೋಟ್‌ಬುಕ್ಕು ಇತ್ತು. ಪ್ರತಿ ಯಾತ್ರೆಗೂ ಒಂದು ಪುಟ. ಒಂದರಿಂದ ನಲವತ್ತರವರೆಗೆ ಯಾತ್ರಿಕರ ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಇದ್ದರೆ ಪಕ್ಕದಲ್ಲಿ ಒಂದು ಚುಕ್ಕೆ. ನಲವತ್ತರ ಕೆಳಗೆ ಸ್ಕೇಲಿಟ್ಟು ಒಂದು ಗೆರೆ. ಗೆರೆಯ ಕೆಳಗೆ: ಡ್ರೈವರ್ ೨, ಕ್ಲೀನರ್ ೧, ಅಡುಗೆ ೧. ಛತ್ರಗಳಿಗೆ, ಗೈಡುಗಳಿಗೆ, ದೋಣಿಯವರಿಗೆ ಕೊಡುತ್ತಿದ್ದುದು ಗೆರೆಯ ಮೇಲಿನ ಪಟ್ಟಿ. ಕೆಳಗಿನವರು ಎಲ್ಲಿಗೂ ಹೋಗುವವರಲ್ಲವಲ್ಲ. ಸಾಲಿನಲ್ಲಿ ನಿಂತು ದರ್ಶನ ಮಾಡುವವರ ಲೆಕ್ಕಕ್ಕೆ ಅವರೇಕೆ?

೨೦೦೬ರ ಬೇಸಿಗೆಯ ಆರಂಭದಲ್ಲಿ ಹಾಸನದ ಒಂದು ಏಜೆನ್ಸಿಯವರು ಅವರ ಕೈಗೆ ಬಣ್ಣದ ಒಂದು ಪುಸ್ತಿಕೆ ಕೊಟ್ಟರು. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ದೊಡ್ಡ ಹಡಗು. ಹತ್ತು ಮಹಡಿ. ಮೂರು ದಿನ. ಮಧ್ಯಮ ವರ್ಗದ ಕುಟುಂಬಗಳಿಗೆಂದೇ ಮಾಡಿದ್ದು, ಪಾಸ್‌ಪೋರ್ಟು ಬೇಡ, ಮತದಾರರ ಗುರುತಿನ ಚೀಟಿ ಸಾಕು. ಸಸ್ಯಾಹಾರದ ಊಟ ಬೇರೆಯೇ ಇದೆ. ಪುಸ್ತಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು. ಸ್ಟೋವ್, ಸೀಮೆಎಣ್ಣೆ, ಬೆಂಕಿಪೊಟ್ಟಣ, ಅಡುಗೆಯ ಯಾವುದೇ ಸಲಕರಣೆಯನ್ನು ಹಡಗಿನೊಳಗೆ ಬಿಡುವುದಿಲ್ಲ.

ವರದರಾಜ ಅವರು ಆ ಪುಸ್ತಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಮ್ಮಮ್ಮ ಒಪ್ಪಿದರೆ ಉಳಿದ ಮುದುಕಿಯರು ಒಪ್ಪುತ್ತಾರೆ ಎಂಬುದು ಅವರ ಲೆಕ್ಕ.

"ನೀವು ಆ ಹಡಗನ್ನು ನೋಡಿದೀರಾ?" ಎಂದು ಕೇಳಿದೆ.

"ಇಲ್ಲ."

"ನೋಡದ ಜಾಗಕ್ಕೆ ಕರ್ಕೊಂಡು ಹೋಗಲ್ಲ ಅಂತಿದ್ರಿ."

ಅವರು ಪುಸ್ತಿಕೆಯ ಹಿಂಬದಿ ತಿರುಗಿಸಿ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. "ಇಡೀ ದೇಶ ಸುತ್ತಿದೀನಮ್ಮ. ಸ್ಟೋವ್ ಹಚ್ಚಬೇಡಿ ಅಂತ ಬರೆದಿರೋ ಜಾಗ ಇದೊಂದೇ. ಅವಳಿಗೆ ಮೂರು ದಿನ ಕೈ ಖಾಲಿ ಇರುತ್ತೆ."

ಪುರಿಯ ಮಾತು ಅವರ ಕಿವಿಗೂ ಬಿದ್ದಿತ್ತೆಂದು ಆಗ ನನಗೆ ತಿಳಿಯಿತು. ಮೂರು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಆ ಮನುಷ್ಯನ ಮೇಲೆ ನನಗೆ ಗೌರವ ಬಂತು. ಅದು ಸರಿಯಾಗಿ ಎರಡು ತಿಂಗಳು ಇತ್ತು.

ನಮ್ಮಮ್ಮ ಒಂದೇ ಷರತ್ತು ಹಾಕಿದರು: ಹಡಗಿನ ಊಟ ತಾವು ಮುಟ್ಟುವುದಿಲ್ಲ, ಮೊಸರು, ಬಾಳೆಹಣ್ಣು, ಮನೆಯ ಹುರಿಗಾಳು ಸಾಕು. ಅಮ್ಮ ಒಪ್ಪಿದ ಸುದ್ದಿ ಹರಡಿ ನಲವತ್ತು ಹೆಸರು ಹದಿನೈದೇ ದಿನದಲ್ಲಿ ತುಂಬಿದವು. ಚನ್ನರಾಯಪಟ್ಟಣದಿಂದ ಎರಡು ಸಂಸಾರ, ಅರಕಲಗೂಡಿನ ಕಡೆಯಿಂದ ಹತ್ತು ಜನ. ಮಲ್ಲಿಪಟ್ಟಣದ ಶುಂಠಿ ಬೆಳೆಗಾರ ಕೆಂಪಣ್ಣ ಹೆಂಡತಿ ಸಮೇತ ಬಂದರು.

ಹಿಂದಿನ ದಿನದ ಸಭೆ ಎಂದಿನಂತೆ ನಡೆಯಲಿಲ್ಲ. ವರದರಾಜ ಅವರು ಪುಸ್ತಿಕೆ ನೋಡಿಕೊಂಡು ಓದಿದರು. ಓದುವಾಗ ಅವರ ಧ್ವನಿ ಪಾಠ ಒಪ್ಪಿಸುವ ಹುಡುಗನಂತಿತ್ತು. ಈಜುಕೊಳ ಇದೆಯಂತೆ. ಮ್ಯಾಜಿಕ್ ಷೋ ಇದೆಯಂತೆ. ಅಂತೆಕಂತೆ ಹೇಳಿ ಅಭ್ಯಾಸವಿಲ್ಲದ ಮನುಷ್ಯ ಬೆವರು ಒರೆಸಿಕೊಂಡರು.

ಕೆಂಪಣ್ಣ ಕೈ ಎತ್ತಿದರು. "ಸಾ, ಅಡಗು ಮುಳುಗಿದ್ರೆ ಏನ್ ಮಾಡಾದು?"

"ಅದು ಪ್ಯಾಕೇಜಿನಲ್ಲಿಲ್ಲ ಕೆಂಪಣ್ಣ."

"ಅಂಗಾರೆ ಸರಿ ಬುಡಿ," ಎಂದು ಕೆಂಪಣ್ಣ ಕೂತರು.

ಕಾವೇರಮ್ಮ ಬಾಗಿಲ ಬಳಿ ನಿಂತು ಎಲ್ಲರಿಗೂ ಕಾಫಿ ಕೊಡುತ್ತಿದ್ದರು. ಹೊಸ ಸೀರೆಯೊಂದನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇನೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ಟೋವಿನ ಹತ್ತಿರ ಉಡಲಾಗದಂಥ ತೆಳುವಾದ ಸೀರೆಯಂತೆ.

ಮುಂಬೈಗೆ ಬಸ್ಸಿನಲ್ಲಿ ಎರಡು ದಿನ. ದಾರಿಯುದ್ದಕ್ಕೂ ಕಾವೇರಮ್ಮನವರದೇ ಅಡುಗೆ: ಚಿತ್ರದುರ್ಗದ ಹತ್ತಿರ ಉಪ್ಪಿಟ್ಟು, ಹುಬ್ಬಳ್ಳಿ ದಾಟಿ ಅನ್ನ ಹುಳಿ, ಕೊಲ್ಹಾಪುರದಲ್ಲಿ ಅವಲಕ್ಕಿ. ಎರಡನೆಯ ಸಂಜೆ ಮಾಟುಂಗಾದ ಕಡೆಯ ಒಂದು ಛತ್ರದಲ್ಲಿ ಇಳಿದುಕೊಂಡೆವು. ಬೆಳಿಗ್ಗೆ ಎಲ್ಲರಿಗೂ ಇಡ್ಲಿ ಕೊಟ್ಟು, ಪಾತ್ರೆ ತೊಳೆದು, ಸ್ಟೋವುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಹೊಸ ಸೀರೆ ಉಟ್ಟು ಬಂದಾಗ ನಮ್ಮ ಬಸ್ಸಿನವರಿಗೇ ಗುರುತು ಸಿಗಲಿಲ್ಲ. ಅರಕಲಗೂಡಿನ ಒಬ್ಬಾಕೆ, "ಇವರು ಯಾರು, ಎಲ್ಲಿ ಹತ್ತಿದ್ರು?" ಎಂದು ನನ್ನನ್ನು ಕೇಳಿದರು.

ಬಂದರಿನಲ್ಲಿ ಹಡಗು ನಿಂತಿತ್ತು. ಅದನ್ನು ಹಡಗು ಎಂದು ಹೇಳಬೇಕಾಯಿತು, ಇಲ್ಲವಾದರೆ ಯಾರೋ ನೀರಿನ ಅಂಚಿನಲ್ಲಿ ಜಿಲ್ಲಾಸ್ಪತ್ರೆ ಕಟ್ಟಿದ್ದಾರೆ ಎಂದುಕೊಳ್ಳುತ್ತಿದ್ದೆವು. ಏಜೆನ್ಸಿಯ ಟೈ ಕಟ್ಟಿದ ಮನುಷ್ಯ, ನಮ್ಮ ಕಡೆಯವನೇ, ಪಟ್ಟಿ ಹಿಡಿದು ಹೆಸರು ಕೂಗಿ ಒಬ್ಬೊಬ್ಬರಿಗೂ ಒಂದು ಕಾರ್ಡು ಕೊಟ್ಟ. ನಲವತ್ತು ಹೆಸರು ಮುಗಿದವು. ನಲವತ್ತೊಂದನೆಯದು ವರದರಾಜ ಅವರದು, ಗುಂಪಿನ ಮುಖ್ಯಸ್ಥ ಎಂದು. ಅಲ್ಲಿಗೆ ಪಟ್ಟಿ ಮಡಚಿದ.

ಕಾವೇರಮ್ಮ ಜೀರಿಗೆ ಡಬ್ಬಿಯಲ್ಲಿ ಜೋಪಾನ ಮಾಡಿದ್ದ ಗುರುತಿನ ಚೀಟಿಯನ್ನು ಹಿಡಿದು ನಿಂತೇ ಇದ್ದರು.

"ಇವರ ಹೆಸರು ಇಲ್ಲವಲ್ಲ ಸಾರ್," ಎಂದ ಟೈ ಮನುಷ್ಯ.

ವರದರಾಜ ಅವರು ಪಟ್ಟಿ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಕೈಚೀಲದಿಂದ ನೋಟ್‌ಬುಕ್ಕು ತೆಗೆದು ನೋಡಿದರು. ನಾನೂ ಬಗ್ಗಿ ನೋಡಿದೆ. ನಲವತ್ತು ಹೆಸರು, ಸ್ಕೇಲಿಟ್ಟು ಎಳೆದ ಗೆರೆ, ಗೆರೆಯ ಕೆಳಗೆ ಡ್ರೈವರ್ ೨, ಕ್ಲೀನರ್ ೧, ಅಡುಗೆ ೧. ಏಜೆನ್ಸಿಗೆ ಅವರು ಗೆರೆಯ ಮೇಲಿನದನ್ನು ಇಳಿಸಿ ಕಳಿಸಿದ್ದರು. ಅರ್ಜಿಯಲ್ಲಿ ಮುಖ್ಯಸ್ಥರ ಹೆಸರು ಕೇಳಿದ್ದರಿಂದ ತಮ್ಮದನ್ನು ಬರೆದಿದ್ದರು. ಅಡುಗೆಯವರ ಹೆಸರನ್ನು ಯಾರೂ ಕೇಳಿರಲಿಲ್ಲ.

ಯಾರಿಗಾಗಿ ಈ ಹಡಗೋ ಅವರನ್ನೇ ಬಿಟ್ಟು ಬಂದಿದ್ದರು. ಮರೆವು ಎನ್ನೋಣವೆಂದರೆ ಹೆಂಡತಿಯನ್ನು ಮರೆತವರಲ್ಲ, ಅವರ ಆಸೆಯನ್ನು ಮೂರು ವರ್ಷ ನೆನಪಿಟ್ಟವರು. ಕೈ ಮಾತ್ರ ಇಪ್ಪತ್ತು ವರ್ಷದ ರೂಢಿಯಂತೆ ಗೆರೆ ಎಳೆದುಬಿಟ್ಟಿತ್ತು. ನನಗೆ ಸಿಟ್ಟು ಬಂತು. ಊರಿಗೆ ಉಪಕಾರಿ ಎನ್ನುವ ಗಾದೆಯ ಉಳಿದರ್ಧ ಬಾಯಿಯ ತುದಿಗೆ ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ.

"ಒಂದೂ ಜಾಗ ಖಾಲಿ ಇಲ್ಲ ಸಾರ್. ರಜೆ ಸೀಸನ್," ಎಂದ ಟೈ ಮನುಷ್ಯ.

ಕಾವೇರಮ್ಮನೇ ಮೊದಲು ಮಾತಾಡಿದರು. "ಸರಿ ಬಿಡಿ, ಅದಕ್ಕೇನು? ನಾನು ಛತ್ರದಲ್ಲಿರ್ತೀನಿ. ಡ್ರೈವರ್‌ಗಳಿಗೂ ಊಟ ಆಗ್ಬೇಕಲ್ಲ." ಹೇಳುತ್ತಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊಸ ಸೀರೆ ಎಂಬುದು ಅವರಿಗೆ ಆಗಲೇ ಮರೆತಿತ್ತು.

ವರದರಾಜ ಅವರು ಜೇಬಿನಿಂದ ಪೆನ್ನು ತೆಗೆದು ಏಜೆನ್ಸಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹೊಡೆದುಹಾಕಿದರು. "ಬರ್ಕೊಳ್ಳಿ. ಕಾವೇರಮ್ಮ. ವಯಸ್ಸು ಐವತ್ತೆಂಟು."

ಅವರು ಹೆಂಡತಿಯ ಹೆಸರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಯಲ್ಲೂ ಬಸ್ಸಿನಲ್ಲೂ "ಇವಳೇ" ಎನ್ನುತ್ತಿದ್ದರು.

"ಹಾಗೆಲ್ಲ ಬದಲಾಯಿಸೋಕೆ ಬರಲ್ಲ ಸಾರ್."

"ಫೋನ್ ಮಾಡಿ ಕೇಳಿ. ನಾನು ಇಲ್ಲೇ ನಿಂತಿರ್ತೀನಿ."

ಅರ್ಧ ಗಂಟೆ ಫೋನಿನಲ್ಲಿ ಕಳೆಯಿತು. ವರದರಾಜ ಅವರು ಅಲ್ಲೇ ನಿಂತಿದ್ದರು. ಕೊನೆಗೆ ಆ ಮನುಷ್ಯ ಇನ್ನೊಂದು ಕಾರ್ಡು ತಂದು, ಹೆಂಗಸರಾದ್ದರಿಂದ ನಮ್ಮ ಕೋಣೆಯಲ್ಲೇ ಖಾಲಿಯಿದ್ದ ಒಂದು ಹಾಸಿಗೆಗೆ ಬರೆದುಕೊಟ್ಟ. ಒಂದೂ ಜಾಗವಿಲ್ಲ ಎಂದವನ ಬಳಿ ಆ ಹಾಸಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

"ನೀವೇನು ಮಾಡ್ತೀರಿ?" ಎಂದರು ಕಾವೇರಮ್ಮ ಗಂಡನಿಗೆ.

"ಡ್ರೈವರ್‌ಗಳಿಗೆ ಅಡುಗೆ ಮಾಡ್ತೀನಿ."

"ಸ್ಟೋವ್ ಪಂಪ್ ಹೊಡೆಯೋಕೆ ಬರುತ್ತಾ?"

"ಇಪ್ಪತ್ತು ವರ್ಷ ನೋಡಿದೀನಿ."

"ನೋಡಿದ್ದು ಯಾವಾಗ?"

ಕಾವೇರಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ಅವರ ಕೈಗೆ ಕೊಟ್ಟರು. "ಹುಣಸೆಹಣ್ಣು ಎಡಗಡೆ ಡಬ್ಬಿ. ಬಿಸಿ ಪಾತ್ರೆ ಬರಿಗೈಲಿ ಹಿಡೀಬೇಡಿ." ಅಷ್ಟು ಹೇಳಿ ನಮ್ಮ ಜೊತೆ ಬಂದರು. ಒಳಗೆ ಹೋಗುವ ತನಕ ನಾಲ್ಕು ಸಲ ತಿರುಗಿ ನೋಡಿದರು.

ಹಡಗಿನ ವಿಚಾರ ಹೇಳಬೇಕು. ನಮ್ಮ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು, ಕಿಟಕಿ ಇರಲಿಲ್ಲ. ಕಿಟಕಿಗೆ ಜಗಳವಾಡುವ ಸಂದರ್ಭವೇ ಇರಲಿಲ್ಲವಾದ್ದರಿಂದ ಮೂರನೇ ದಿನ ಏನು ಮಾಡಬೇಕೆಂದು ನಮ್ಮವರಿಗೆ ತೋಚಲಿಲ್ಲ. ಎರಡು ಹಾಸಿಗೆ ಕೆಳಗೆ, ಎರಡು ಗೋಡೆಯಿಂದ ಮಡಚಿ ಇಳಿಸುವಂಥವು, ರೈಲಿನಲ್ಲಿದ್ದಂತೆ. ಮೂವರು ಒಟ್ಟಿಗೆ ನಿಂತರೆ ನಾಲ್ಕನೆಯವರು ಬಚ್ಚಲಿಗೆ ಹೋಗಬೇಕು. ಬಚ್ಚಲಿನಲ್ಲಿ ಬಟನ್ ಒತ್ತಿದರೆ ಲಾರಿ ಬ್ರೇಕು ಹಾಕಿದ ಸದ್ದು. ಅಮ್ಮ ಅದಕ್ಕೆ ಹೆದರಿ ಪ್ರತಿ ಸಲವೂ ನನ್ನನ್ನು ಕರೆದು ಒತ್ತಿಸಿದರು.

ಹತ್ತಿದ ಮೇಲೆ ಊಟಕ್ಕೂ ಮೊದಲು ಎಲ್ಲರನ್ನೂ ಡೆಕ್ಕಿಗೆ ಕರೆದು ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ಹಡಗಿಗೆ ಅಪಾಯವಾದರೆ ಏನು ಮಾಡಬೇಕೆಂದು ಹಿಂದಿಯಲ್ಲಿ ಹೇಳಿದರು. ಪ್ಯಾಕೇಜಿನಲ್ಲಿಲ್ಲ ಎಂದಿದ್ದನ್ನು ಇವರು ಹೇಳುತ್ತಿರುವುದು ಕೆಂಪಣ್ಣನವರಿಗೆ ಸರಿಬರಲಿಲ್ಲ. ಅವರು ಆ ಜಾಕೆಟ್ಟನ್ನು ಸಂಜೆಯ ತನಕ ಬಿಚ್ಚಲಿಲ್ಲ. ಅದನ್ನು ತೊಟ್ಟುಕೊಂಡೇ ಈಜುಕೊಳ ನೋಡಿಬಂದು ನನಗೆ ವರದಿ ಒಪ್ಪಿಸಿದರು: "ಟೀಚರಮ್ಮ, ನಮ್ ತ್ವಾಟದ್ ತೊಟ್ಟಿ ಇದ್ಕಿಂತ ದೊಡ್ದು ಕಣವ್ವಾ. ಇದ್ರಾಗೆ ನೀರ್ಗಿಂತ ಐಕ್ಳೇ ಜಾಸ್ತಿ ಅವೆ."

ಊಟದ ಹಾಲು ಒಂಬತ್ತನೆಯ ಮಹಡಿಯಲ್ಲಿತ್ತು. ನಾವು ಹೋದಾಗ ಮಧ್ಯಾಹ್ನ ಒಂದು ಗಂಟೆ. ಉದ್ದಕ್ಕೂ ಪಾತ್ರೆಗಳು, ಒಂದೂವರೆ ಸಾವಿರ ಜನ. ಕಾವೇರಮ್ಮ ಅಮ್ಮನಿಗೆ ಮೊಸರು, ಬಾಳೆಹಣ್ಣು ಹುಡುಕಿ ತಂದುಕೊಟ್ಟು ಕಂಬದ ಪಕ್ಕ ನಿಂತರು.

"ನೀವೂ ತಟ್ಟೆ ತಗೊಳ್ಳಿ," ಎಂದೆ.

"ಎಲ್ಲರದೂ ಆಗಲಿ."

ನಾನು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ನನ್ನ ತಟ್ಟೆ ಖಾಲಿ ಮಾಡಿ, ಅಮ್ಮನನ್ನು ಕೋಣೆಗೆ ಕರೆದೊಯ್ದು ಮಲಗಿಸಿ, ನಾನೂ ಒಂದು ಗಳಿಗೆ ಕಣ್ಣು ಮುಚ್ಚಿದೆ. ಹಡಗು ಬಿಟ್ಟಿದ್ದೇ ತಿಳಿಯಲಿಲ್ಲ. ಐದೂವರೆಗೆ ಎದ್ದಾಗ ಕಾವೇರಮ್ಮನವರ ಹಾಸಿಗೆ ಹಾಗೇ ಇತ್ತು. ಡೆಕ್ಕಿನಲ್ಲಿ ಸಮುದ್ರದ ಮುಂದೆ ಕೂತಿರಬೇಕು ಎಂದು ಸಂತೋಷಪಟ್ಟು ಅಲ್ಲಿ ಹುಡುಕಿದೆ. ಕುರ್ಚಿಗಳ ಮೇಲೆಲ್ಲ ಟವೆಲ್ ಹಾಸಿ ಜಾಗ ಹಿಡಿದಿದ್ದರು, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದ ಹಾಗೆ. ಅವರು ಅಲ್ಲಿರಲಿಲ್ಲ.

ಒಂಬತ್ತನೆಯ ಮಹಡಿಗೆ ಹೋದೆ. ಅದೇ ಕಂಬದ ಪಕ್ಕ, ಅದೇ ಸೀರೆಯಲ್ಲಿ ನಿಂತಿದ್ದರು. ಹಿಂದೆ ಇಡೀ ಗೋಡೆಯಷ್ಟು ಗಾಜು, ಗಾಜಿನಾಚೆ ಸಮುದ್ರ. ಅದಕ್ಕೆ ಬೆನ್ನು ಹಾಕಿ ತಟ್ಟೆ ಹಿಡಿದವರನ್ನು ನೋಡುತ್ತಿದ್ದರು.

"ಇನ್ನೂ ಊಟ ಮಾಡಿಲ್ವಾ?"

"ಇವರ ಪಂಕ್ತಿ ಮುಗೀತಾನೇ ಇಲ್ಲ ಪ್ರೇಮಾ. ಒಬ್ಬರು ಎದ್ದರೆ ಇಬ್ಬರು ಬರ್ತಾರೆ. ಮೂರು ಗಂಟೆಗೆ ಮುಗೀತು ಅಂದ್ಕೊಂಡೆ, ಅಷ್ಟರಲ್ಲಿ ಕೇಕು ತಂದಿಟ್ಟರು. ಈಗ ಬೋಂಡ."

ನಾನು ಅಲ್ಲೇ ಅವರನ್ನು ಬೈದೆ. ನಾಲ್ಕೂವರೆ ಗಂಟೆ ನಿಂತಿದ್ದೀರಲ್ಲ, ನಿಮಗೆ ಬುದ್ಧಿ ಇದೆಯಾ ಎಂದೆ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು. ಅವರು ಬೇಸರ ಮಾಡಿಕೊಳ್ಳದೆ, ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ೧೯೯೪ರಲ್ಲಿ ಬದರಿಯ ದಾರಿಯಲ್ಲಿ ಹಸಿವು ತಾಳದೆ ಅವರು ಒಂದು ತುತ್ತು ಮುಂಚೆ ಉಂಡಿದ್ದರಂತೆ. ಅಂದು ಕೊನೆಯಲ್ಲಿ ಬಂದ ಇಬ್ಬರು ಮುದುಕಿಯರಿಗೆ ಅನ್ನ ಸಾಲಲಿಲ್ಲ. ಯಾರೂ ಏನೂ ಅನ್ನಲಿಲ್ಲವಂತೆ. ಅಂದಿನಿಂದ ಕೊನೆಯವರು ಎಲೆ ಮಡಚುವ ತನಕ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

"ನಾನು ತಗೊಂಡು, ಕೊನೆಯಲ್ಲಿ ಯಾರಿಗಾದರೂ ಸಾಲದೆ ಬಂದರೆ?" ಎಂದರು. ಹೊಟ್ಟೆ ಹಸಿದ ಹೆಂಗಸು ಒಂದೂವರೆ ಸಾವಿರ ಜನರ ಹೊಟ್ಟೆಯ ಯೋಚನೆ ಮಾಡುತ್ತಿದ್ದರು.

ನಮ್ಮ ಕನ್ನಡ ಕೇಳಿ ಬೋಂಡದ ಹಿಂದೆ ನಿಂತಿದ್ದ ಬಿಳಿ ಟೊಪ್ಪಿಯ ಅಡುಗೆಯವನು ಹತ್ತಿರ ಬಂದ. ಪುತ್ತೂರಿನ ಕಡೆಯವನಂತೆ. ವಿಷಯ ಕೇಳಿ ಅವನು ನಗಲಿಲ್ಲ.

"ಅಮ್ಮ, ಅನ್ನ ಮುಗಿಯುವುದಿಲ್ಲ. ಕೆಳಗೆ ಕೋಣೆ ತುಂಬ ಅಕ್ಕಿ ಉಂಟು. ಇಲ್ಲಿ ಕೊನೆಯ ಪಂಕ್ತಿ ಅಂತ ಇಲ್ಲವೇ ಇಲ್ಲ."

"ನೀವು ಯಾವಾಗ ಊಟ ಮಾಡ್ತೀರಪ್ಪ?"

"ನಾವಾ? ನಮ್ಮದು ಹನ್ನೊಂದಕ್ಕೇ ಆಗಿದೆ. ಅಡುಗೆಯವರದು ಮೊದಲು. ಹಸಿದ ಬಾಯಿಗೆ ಉಪ್ಪು ಖಾರ ಸರಿ ಗೊತ್ತಾಗುವುದಿಲ್ಲ ಅಲ್ವಾ?"

ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಕಾವೇರಮ್ಮನವರಿಗೆ ಯಾರೂ ಹೇಳಿರಲಿಲ್ಲ, ಹದಿನೈದು ವರ್ಷ ಅವರ ಕೈಯ ಊಟ ಉಂಡ ನಾನೂ ಹೇಳಿರಲಿಲ್ಲ. ಆ ಹುಡುಗ ಒಳಗೆ ಹೋಗಿ ಬಿಸಿ ಅನ್ನ, ತೊವ್ವೆ, ಹಪ್ಪಳ ತಂದ. ನಾನು ಅವರನ್ನು ಗಾಜಿನ ಪಕ್ಕದ ಕುರ್ಚಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ ಕೂರಿಸಿ ಬಡಿಸಿದೆ. ಅವರು ಸೆರಗು ಸಡಿಲಿಸಿಕೊಂಡು ಒಂದು ತುತ್ತು ಉಂಡರು, ಹೊರಗೆ ನೋಡಿದರು, ಇನ್ನೊಂದು ತುತ್ತು ಉಂಡರು.

"ಬೇಳೆ ಚೆನ್ನಾಗಿ ಬೆಂದಿದೆ," ಎಂದರು.

ನನಗೆ ಅಳು ಬಂತು. ಅವರು ಊಟ ಮಾಡುತ್ತಿದ್ದರು.

ಮುಂದಿನ ಎರಡು ದಿನ ಅವರು ಬೆಳಿಗ್ಗೆ ಐದಕ್ಕೇ ಎದ್ದು, ಡೆಕ್ಕಿನ ಮುಂಭಾಗದ ಒಂದು ಕುರ್ಚಿಗೆ ಟವೆಲ್ ಹಾಸಿ ಕೂತರು. ಟವೆಲ್ ಹಾಸುವುದನ್ನು ಒಂದೇ ದಿನದಲ್ಲಿ ಕಲಿತರು. ಗೋವಾದಲ್ಲಿ ಎಲ್ಲರೂ ಇಳಿದು ಸುತ್ತಾಡಿ ಬಂದರು, ಇವರು ಇಳಿಯಲಿಲ್ಲ. ಯಾಕೆಂದರೆ, "ನೆಲದ ಮೇಲೆ ಇಳಿದರೆ ಯಾರಾದರೂ ಕಾಫಿ ಕೇಳ್ತಾರೆ" ಎಂದರು. ಎರಡನೆಯ ಸಂಜೆ ಚನ್ನರಾಯಪಟ್ಟಣದ ಸಂಸಾರವೊಂದು ಕುರ್ಚಿಯ ಬಳಿ ಬಂದು, ಈ ಪನೀರು ತಿಂದು ನಾಲಿಗೆ ಕೆಟ್ಟಿದೆ, ಸ್ವಲ್ಪ ಪುಳಿಯೋಗರೆ ಕಲಸಿಕೊಡಿ ಎಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾವೇರಮ್ಮ ಸಮುದ್ರದಿಂದ ಕಣ್ಣು ಕೀಳದೆ ಹೇಳಿದರು: "ಗೊಜ್ಜು ನನ್ನ ಚೀಲದಲ್ಲಿದೆ. ಅನ್ನ ಒಂಬತ್ತನೇ ಮಹಡಿಯಲ್ಲಿದೆ. ಕೈ ನಿಮ್ಮ ಹತ್ರಾನೇ ಇದೆ."

ಅವರು ಕಲಸಿಕೊಂಡು ತಿಂದರು. ನಮ್ಮಮ್ಮನೂ ಒಂದು ಹಿಡಿ ತಿಂದರು. ಗೊಜ್ಜು ಕಾವೇರಮ್ಮನದು, ಆದ್ದರಿಂದ ಅನ್ನ ಯಾರದಾದರೂ ದೋಷವಿಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡರು.

ಮುಂಬೈಯಲ್ಲಿ ಇಳಿದಾಗ ವರದರಾಜ ಅವರು ಗೇಟಿನಲ್ಲಿದ್ದರು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಕಾವೇರಮ್ಮ ಬೆರಳು ನೋಡಿದರು. ಛತ್ರಕ್ಕೆ ಹೋದರೆ ಅಲ್ಲಿ ಎಲೆ ಹಾಕಿತ್ತು. ಇಬ್ಬರು ಡ್ರೈವರ್, ಕ್ಲೀನರ್, ವರದರಾಜ ಸೇರಿಕೊಂಡು ಹಡಗಿನಿಂದ ಬರುವ ನಲವತ್ತೊಂದು ಜನರಿಗೆ ಅಡುಗೆ ಮಾಡಿದ್ದರು. ಬೆಳಗಿನ ಮೂರು ಗಂಟೆಗೇ ಸ್ಟೋವ್ ಹಚ್ಚಿದ್ದರು ಎಂದು ಕ್ಲೀನರ್ ನನಗೆ ಹೇಳಿದ. ಮೂರು ದಿನದಲ್ಲಿ ವರದರಾಜ ಅವರು ಮುಂಬೈಯ ಒಂದು ಬೀದಿಯನ್ನೂ ನೋಡಿರಲಿಲ್ಲ.

ಕಾವೇರಮ್ಮ ಅಭ್ಯಾಸಬಲದಿಂದ ಸೌಟಿನ ಕಡೆ ನಡೆದರು. ವರದರಾಜ ಅವರು ಸೌಟನ್ನು ತಾವೇ ಎತ್ತಿಕೊಂಡು, "ನೀನು ಕೂತ್ಕೋ" ಎಂದರು. ಮೊದಲ ಪಂಕ್ತಿಯ ಮೊದಲ ಎಲೆ ತೋರಿಸಿದರು. ಕಾವೇರಮ್ಮ ಕೂತರು. ಮುಂದಿನ ಎಲೆಗಳಲ್ಲಿ ನಾವೆಲ್ಲ ಕೂತೆವು. ಬಡಿಸಿದ್ದು ಹುಳಿ. ಕಾವೇರಮ್ಮ ಕಲಸಿ ಬಾಯಿಗಿಟ್ಟರು. ನಲವತ್ತು ಜನ ಕೈ ನಿಲ್ಲಿಸಿ ಅವರ ಮುಖವನ್ನೇ ನೋಡಿದೆವು.

"ಬೇಳೆ ಬೆಂದಿಲ್ಲ," ಎಂದರು.

ವರದರಾಜ ಅವರು ಸೌಟು ಹಿಡಿದುಕೊಂಡು ನಿಂತಿದ್ದರು. "ನೀರು ಗಡಸು," ಎಂದರು.

ಕಾವೇರಮ್ಮ ನಕ್ಕುಬಿಟ್ಟರು. ನಗುತ್ತಲೇ ಇನ್ನೊಂದು ಸಲ ಹುಳಿ ಹಾಕಿಸಿಕೊಂಡರು. ಆ ದಿನ ಬೇಯದ ಬೇಳೆಯನ್ನು ನಾವು ಯಾರೂ ಎಲೆಯಲ್ಲಿ ಬಿಡಲಿಲ್ಲ. ವರದರಾಜ ಅವರು ಕೊನೆಯಲ್ಲಿ ಒಬ್ಬರೇ ಉಂಡರು, ಅವರಿಗೆ ಹುಳಿ ಉಳಿದಿರಲಿಲ್ಲ.

ಮರುವರ್ಷ ಅದೇ ಹಡಗಿಗೆ ಇನ್ನೊಂದು ಗುಂಪು ಹೊರಟಿತು. ಹಿಂದಿನ ದಿನ ಕೋಟೆ ಬೀದಿಯ ಪಡಸಾಲೆಯಲ್ಲಿ ಸಭೆ. ನಾನು ಹೋಗುವವಳಲ್ಲ, ಕೇಳಲು ಹೋಗಿದ್ದೆ. ನೋಟ್‌ಬುಕ್ಕು ಮೇಜಿನ ಮೇಲೆ ತೆರೆದಿತ್ತು. ಆ ಪುಟದಲ್ಲಿ ಗೆರೆ ಇರಲಿಲ್ಲ, ನಲವತ್ತೆರಡರ ತನಕ ಒಂದೇ ಸಮನೆ ಹೆಸರುಗಳಿದ್ದವು. ವರದರಾಜ ಅವರು ತಾವು ನೋಡದ ಜಾಗದ ಬಗ್ಗೆ ಮಾತಾಡುವವರಲ್ಲ. ಅವರು ಎಲ್ಲರ ಜೊತೆ ಚಾಪೆಯ ಮೇಲೆ ಕೂತಿದ್ದರು. ಮುಂದೆ ನಿಂತಿದ್ದವರು ಕಾವೇರಮ್ಮ.

"ಕೋಣೆ ಚಿಕ್ಕದು, ಅದರಲ್ಲಿ ಮಲಗೋದು ಬಿಟ್ಟು ಬೇರೇನೂ ಮಾಡಕ್ಕಾಗಲ್ಲ, ಮಾಡಬೇಡಿ. ಬಚ್ಚಲಲ್ಲಿ ದೊಡ್ಡ ಸದ್ದಾಗುತ್ತೆ, ಹಡಗಿಗೆ ಏನೂ ಆಗಿರಲ್ಲ. ಲಿಫ್ಟಿಗೆ ಕಾಯಬೇಡಿ, ಹತ್ತೋ ಶಕ್ತಿ ಇದ್ದರೆ ಹತ್ತಿ. ಮೊದಲನೇ ಸಂಜೆ ತಲೆ ತಿರುಗುತ್ತೆ, ನಿಂಬೆಹಣ್ಣು ಇಟ್ಕೊಳ್ಳಿ, ದೂರದಲ್ಲಿ ನೀರು ಆಕಾಶ ಸೇರೋ ಕಡೆ ನೋಡಿ, ಸರಿಹೋಗುತ್ತೆ. ಫೋಟೋದವನು ಬಂದು ನಗಿ ಅಂತಾನೆ. ಕೆಂಪಣ್ಣನವರ ಹಾಗೆ ಜಾಕೆಟ್ ಹಾಕ್ಕೊಂಡು ತೆಗೆಸಿಕೋಬೇಡಿ. ಕುರ್ಚಿಗೆ ಬೆಳಿಗ್ಗೆ ಐದಕ್ಕೇ ಟವೆಲ್ ಹಾಕಿ. ಸಮುದ್ರ ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು, ಸಂಜೆ ಮನೆಯ ತಾಮ್ರದ ಹಂಡೆ ಬಣ್ಣ. ಮೂರನ್ನೂ ನೋಡಿ. ಎರಡನೇ ದಿನ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಏನೂ ಮಾಡಬೇಡಿ."

ಚಾಪೆಯ ಮೇಲಿಂದ ವರದರಾಜ ಅವರು ಕೈ ಎತ್ತಿದರು. ನಲವತ್ತೆರಡನೆಯ ಹೆಸರು ಅವರದು.

"ಊಟದ ವ್ಯವಸ್ಥೆ ಹೇಗೆ?"

ಕಾವೇರಮ್ಮ ಗಂಡನ ಕಡೆ ತಿರುಗಿದರು. "ಅಲ್ಲಿ ಪಂಕ್ತಿ ಮುಗಿಯಲ್ಲ ಕಣ್ರೀ. ಮುಗೀಲಿ ಅಂತ ಕಾಯಬೇಡಿ. ಎಲ್ಲರದೂ ಆಯ್ತಾ ಅಂತ ನೋಡ್ತಾ ನಿಂತ್ರೆ ನಮ್ಮ ಸರದಿ ಬರೋದೇ ಇಲ್ಲ. ಹೋದ ತಕ್ಷಣ ತಟ್ಟೆ ತಗೊಂಡು, ಸಮುದ್ರದ ಕಡೆ ಮುಖ ಮಾಡಿ ಕೂತ್ಕೊಳ್ಳಿ."

ವರದರಾಜ ಅವರು ಪೆನ್ನು ತೆಗೆದು ಅದನ್ನು ಬರೆದುಕೊಂಡರು.